ತಲುಪುವ ಮೊದಲೇ ಆಗಿದ್ದದ್ದು

ಇಂಗ್ಲಿಷ್ ಮಾತಾಡುವಾಗ ನಮ್ಮ ಕಡೆಯವರದು ಒಂದು ಖಾಯಂ ತಪ್ಪು ಉಂಟು. ಪುತ್ತೂರಿನವರಿರಲಿ, ಸುಳ್ಯದವರಿರಲಿ, ನನ್ನ ತವರು ಕಡಬದವರಿರಲಿ, "ನಿನ್ನೆ ಪೇಟೆಗೆ ಹೋಗಿದ್ದೆ" ಎನ್ನುವುದನ್ನು "ಐ ಹ್ಯಾಡ್ ಗಾನ್ ಟು ಟೌನ್" ಎಂದುಬಿಡುತ್ತಾರೆ. ಕಾನ್ವೆಂಟ್ ಬೋರ್ಡಿಂಗ್ ಸೇರಿದ ಹೊಸದರಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಗ್ರಾಮರ್ ಕಲಿಸುವ ಸಿಸ್ಟರ್ ಕನ್ನಡಕದ ಮೇಲಿನಿಂದ ನೋಡಿ, "ಯು ಹ್ಯಾಡ್ ಗಾನ್. ಆಂಡ್ ದೆನ್?" ಎಂದು ಕೇಳುತ್ತಿದ್ದರು. ದೆನ್ ಎಂತದೂ ಇಲ್ಲ. ಹೋದೆ, ಬಂದೆ, ಅಷ್ಟೆ. "ಹಾಗಾದರೆ ಐ ವೆಂಟ್ ಅನ್ನು. ಹ್ಯಾಡ್ ಒಬ್ಬಳೇ ಬರುವವಳಲ್ಲ. ಜೊತೆಗೆ ಇನ್ನೊಂದು ಸಂಗತಿ ಇದ್ದರೆ ಮಾತ್ರ ಬರುತ್ತಾಳೆ."

ಅದನ್ನೇ ನಾನು ಪುತ್ತೂರಿನ ಶಾಲೆಯಲ್ಲಿ ರಿಟೈರ್ ಆಗುವವರೆಗೂ ಮಕ್ಕಳಿಗೆ ಹೇಳಿದೆ. ಈಗ ಮನೆಯ ಡೈನಿಂಗ್ ಟೇಬಲಿನಲ್ಲಿ ಕೂತು ದೊಡ್ಡವರಿಗೆ ಹೇಳುತ್ತೇನೆ. ಕಳೆದ ವರ್ಷ ಒಬ್ಬಳು ನರ್ಸ್ ಬರುತ್ತಿದ್ದಳು. ಬೆಳ್ಳಾರೆಯ ಹತ್ತಿರದ ಹುಡುಗಿ. ಹುಡುಗಿ ಎಂದರೆ ಮೂವತ್ತೆರಡು ವರ್ಷದವಳು, ನನ್ನ ಕಣ್ಣಿಗೆ ಹುಡುಗಿ. ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸ, ಅಲ್ಲೇ ಹತ್ತಿರ ಬಾಡಿಗೆ ರೂಮು. ಹೊರದೇಶದ ಕೆಲಸಕ್ಕೆ ಇಂಗ್ಲಿಷ್ ಪರೀಕ್ಷೆ ಬರೆಯಬೇಕಿತ್ತು. ಪೇಷಂಟಿನ ಕತೆಯನ್ನೆಲ್ಲ ಇನ್ನೊಬ್ಬ ಡಾಕ್ಟರಿಗೆ ಕಾಗದದಲ್ಲಿ ತಿಳಿಸುವುದು, ಅದೇ ಪರೀಕ್ಷೆ. ಅವಳು ಡ್ಯೂಟಿ ಬದಲಾಗುವಾಗ ಮುಂದಿನ ನರ್ಸಿಗೆ ವರದಿ ಒಪ್ಪಿಸುವ ಹಾಗೆ ಬರೆಯುತ್ತಿದ್ದಳು. ಬಿದ್ದರು, ಬಂದರು, ಡ್ರಿಪ್ ಹಾಕಿದೆವು. ಎಲ್ಲ ಸಾಲಾಗಿ ನಿಂತಿರುತ್ತಿತ್ತು, ಯಾವುದೂ ಯಾವುದರ ಹಿಂದೆಯೂ ಇಲ್ಲ.

ಆ ದಿನ ನಾವು ಸಬಾರ್ಡಿನೇಟ್ ಕ್ಲಾಝ್ ಎಂಬ ಪಾಠಕ್ಕೆ ಬಂದಿದ್ದೆವು. ಒಬ್ಬಂಟಿಯಾಗಿ ನಿಲ್ಲಲಾರದೆ ದೊಡ್ಡ ವಾಕ್ಯವನ್ನು ಹಿಡಿದುಕೊಂಡಿರುವ ಸಣ್ಣ ವಾಕ್ಯ. ವೆನ್, ಆಫ್ಟರ್, ಬಿಕಾಸ್ ಎಂದು ಶುರುವಾಗುವಂಥದ್ದು. ಮುಖ್ಯ ವಾಕ್ಯದ ಸಂಗತಿಗಿಂತ ಮೊದಲೇ ಮುಗಿದದ್ದು ಅದರೊಳಗೆ ಇದ್ದರೆ ಹ್ಯಾಡ್ ಹಾಕುತ್ತೇವೆ. "ಶಿ ವಾಸ್ ವೀಕ್ ಬಿಕಾಸ್ ಶಿ ಹ್ಯಾಡ್ ನಾಟ್ ಈಟನ್." ಸುಸ್ತು ಆಮೇಲೆ, ಊಟ ಬಿಟ್ಟದ್ದು ಅದಕ್ಕೂ ಮೊದಲು.

"ಆಫ್ಟರ್ ಅಂತ ಇದ್ದರೆ ಯಾವುದು ಮೊದಲು ಅಂತ ಅದೇ ಹೇಳ್ತದಲ್ಲ ಟೀಚರ್. ಮತ್ತೆ ಈ ಹ್ಯಾಡ್ ಯಾಕೆ ಮಾರಾಯ್ರೆ?" ಎಂದಳು.

ಬುದ್ಧಿವಂತೆ. "ಆಫ್ಟರ್ ಇದ್ದರೆ ಬಿಟ್ಟರೂ ನಡೀತದೆ. ವೆನ್ ಇದ್ದರೆ ಜಾಗ್ರತೆ. ವೆನ್ ಶಿ ಏಟ್, ಶಿ ಟುಕ್ ದ ಟ್ಯಾಬ್ಲೆಟ್ ಅಂದರೆ ಮಾತ್ರೆ ಊಟದ ಜೊತೆಗೇ ಹೋಯ್ತು. ವೆನ್ ಶಿ ಹ್ಯಾಡ್ ಈಟನ್ ಅಂತ ಬರೆ, ಊಟ ಮುಗಿದ ಮೇಲೆ ತಗೊಂಡಳು ಅಂತಾಗ್ತದೆ."

"ಅಯ್ಯೋ ದೇವರೇ, ಬಿಫೋರ್ ಫುಡ್ಡೋ ಆಫ್ಟರ್ ಫುಡ್ಡೋ ಎಲ್ಲ ಇದರಲ್ಲಿ ಉಂಟಾ! ಇದನ್ನು ಮೊದಲೇ ಹೇಳ್ಬಾರ್ದಿತ್ತಾ? ನಾನು ಸುಮ್ಮನೆ ಎರಡು ತಿಂಗಳು ನಿಮ್ಮನ್ನು ಬೈದೆ."

"ಬೈದದ್ದು ಗೊತ್ತುಂಟು. ಬರೆ ಈಗ."

ಅವಳು ಬರೆಯುತ್ತಿದ್ದಾಗ ನನ್ನ ಫೋನು ರಿಂಗಾಯಿತು. ಪಾಠದ ಹೊತ್ತಿಗೆ ಅವಳ ಫೋನನ್ನು ಸದ್ದು ತೆಗೆದು ಬ್ಯಾಗಿಗೆ ಹಾಕಿಸುವುದು ನನ್ನದೇ ರೂಲು. ಹಾಗಾಗಿ ಅವಳ ಅಣ್ಣ ನನಗೆ ಮಾಡಿದ್ದ. ಅಡುಗೆ ಕೋಣೆಗೆ ಹೋಗಿ ಕೇಳಿದೆ.

"ಟೀಚರ್, ಅಪ್ಪ ಹೋದರು. ತಿಂಡಿ ತಿಂದು ಎದ್ದವರು ಅಲ್ಲೇ ಕುಸಿದರು. ಅವಳಿಗೆ ಈಗ ಹೇಳ್ಬೇಡಿ. ಸೀರಿಯಸ್ ಅಂತ ಹೇಳಿ ಕರಕೊಂಡು ಬರ್ತೀರಾ? ಒಬ್ಬಳೇ ಬರುದು ಬೇಡ."

ನಮ್ಮಲ್ಲಿ ಹಾಗೆಯೇ. ಸತ್ತ ಸುದ್ದಿಯನ್ನು ದೂರದಲ್ಲಿರುವ ಮಕ್ಕಳಿಗೆ ಫೋನಿನಲ್ಲಿ ಹೇಳುವುದಿಲ್ಲ. ಸ್ವಲ್ಪ ಸೀರಿಯಸ್ ಉಂಟು, ಒಮ್ಮೆ ಬಂದು ಹೋಗಿ ಎನ್ನುತ್ತಾರೆ. ಬರುವವರು ಅಂಗಳದಲ್ಲಿ ಹಾಕಿದ ಕುರ್ಚಿಗಳನ್ನು ನೋಡಿ ತಿಳಿದುಕೊಳ್ಳಬೇಕು. ಇದರಲ್ಲಿ ಮೋಸವಿಲ್ಲ, ಪ್ರೀತಿಯೇ ಇರುವುದು. ದಾರಿಯಲ್ಲಿ ಎಲ್ಲಾದರೂ ಬಿದ್ದರೆ ಎಂಬ ಹೆದರಿಕೆ.

"ನಿನ್ನ ಅಪ್ಪನಿಗೆ ಸ್ವಲ್ಪ ಸೀರಿಯಸ್ ಅಂತೆ" ಎಂದೆ. ನನ್ನ ಬಾಯಿಗೆ ಅದು ಇಷ್ಟು ಸಲೀಸಾಗಿ ಬಂದೀತೆಂದು ನಾನು ಎಣಿಸಿರಲಿಲ್ಲ.

"ಬಿ.ಪಿ. ಎಷ್ಟಂತೆ? ಯಾವ ಆಸ್ಪತ್ರೆ?"

"ಮನೆಯಲ್ಲೇ ಇದ್ದಾರಂತೆ."

"ಮನೆಯಲ್ಲಾ? ಹಾಗಾದ್ರೆ ಅಷ್ಟೆಂತ ಇಲ್ಲ" ಎಂದಳು. ಅಣ್ಣನಿಗೆ ಫೋನು ಮಾಡಿದಳು. ಅವನು "ಬಾ, ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಎಷ್ಟೋ ಮನೆಯವರಿಗೆ ತಾನೇ ಈ ಸೀರಿಯಸ್ ಎಂಬ ಮಾತನ್ನು ಹೇಳಿದವಳು, ತನಗೆ ಹೇಳಿದಾಗ ನಂಬಿದಳು.

ಗೇಟಿನೆದುರಿನ ರಿಕ್ಷಾದವರನ್ನು ಕರೆದು ಹೊರಟೆವು. ದಾರಿಯುದ್ದಕ್ಕೂ ಅವಳೇ ಮಾತು. ಮಾತ್ರೆ ಸರಿಯಾಗಿ ನುಂಗುವುದಿಲ್ಲ, ಉಪ್ಪಿನಕಾಯಿ ಬಿಡುವುದಿಲ್ಲ, ನಾಳೆಯೇ ಪುತ್ತೂರಿಗೆ ತಂದು ಅಡ್ಮಿಟ್ ಮಾಡಿಬಿಡುತ್ತೇನೆ ಎಂದೆಲ್ಲ. ನಾನು ಹೂಂ ಹೂಂ ಎನ್ನುತ್ತಿದ್ದೆ.

ನನಗೆ ನನ್ನ ಅಪ್ಪನ ದಿನ ನೆನಪಾಗುತ್ತಿತ್ತು. ಆಗ ನಾನು ಒಂಬತ್ತನೇ ಕ್ಲಾಸು. ಸೋದರಮಾವ ಬೋರ್ಡಿಂಗಿಗೆ ಬಂದು, ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ನಿನ್ನನ್ನು ನೋಡಬೇಕಂತೆ ಎಂದರು. ಪುತ್ತೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಹಸಿವಾಗುತ್ತದೆ ಎಂದೆ. ಹೋಟೆಲಿಗೆ ಕರೆದುಕೊಂಡು ಹೋದರು. ಬೋರ್ಡಿಂಗಿನ ಗಂಜಿ ತಿಂದು ಸಾಕಾದವಳಿಗೆ ಬಾಳೆಹಣ್ಣು ಹಾಕಿ ಕರಿದ ಬಿಸಿ ಬನ್ಸ್ ಸಿಕ್ಕಿತು. ಎರಡು ತಿಂದೆ. ಮೂರನೆಯದೂ ಕೇಳಿದೆ. ಮಾವ ತಮ್ಮ ತಟ್ಟೆಯದನ್ನು ನನ್ನ ಕಡೆ ಸರಿಸಿದರು, ಚಾ ಕೂಡ ಕುಡಿಯಲಿಲ್ಲ. ಬಸ್ಸಿನಲ್ಲಿ ನಾನು ಇಂಗ್ಲಿಷ್ ಹಾಡು ಹೇಳಿ ತೋರಿಸಿದೆ. ಅಪ್ಪ ಅದರ ಹಿಂದಿನ ಸಂಜೆಯೇ ತೀರಿಕೊಂಡಿದ್ದರು. ಅಳು ಬಂತು, ಹೋಯಿತು, ಎಲ್ಲರಿಗೂ ಆಗುವ ಹಾಗೆ. ಆ ಮೂರು ಬನ್ಸ್ ಮಾತ್ರ ಇವತ್ತಿನವರೆಗೂ ಜೀರ್ಣವಾಗಿಲ್ಲ. ಮಾವನ ಮೇಲೆ ಸಿಟ್ಟಿಲ್ಲ. ನಾನು ಖುಷಿಯಲ್ಲಿದ್ದೆನಲ್ಲ, ಅದೊಂದು ನಾಚಿಕೆ. ಆ ನಾಚಿಕೆಯನ್ನು ಯಾರ ಮುಂದೆಯೂ ಇಟ್ಟವಳಲ್ಲ.

ಕುಂಬ್ರ ಪೇಟೆ ಬಂತು. ಅವಳು ಮುಂದಕ್ಕೆ ಬಗ್ಗಿ, "ಅಣ್ಣಾ, ಆ ಹಣ್ಣಿನ ಅಂಗಡಿ ಹತ್ರ ಒಮ್ಮೆ ನಿಲ್ಲಿಸಿ. ಅಪ್ಪನಿಗೆ ಮುಸುಂಬಿ ತಗೊಳ್ತೇನೆ. ಬೇರೆ ಎಂತ ಕೊಟ್ಟರೂ ಉಗುಳ್ತಾರೆ" ಎಂದಳು.

ರಿಕ್ಷಾ ನಿಂತಿತು. ಅವಳು ಒಂದು ಕಾಲು ಕೆಳಗಿಟ್ಟಿದ್ದಳು. ನಾನು ಅವಳ ಕೈ ಹಿಡಿದೆ.

"ಬೇಡ ಮಗಾ."

"ಎಂತ ಟೀಚರ್?"

"ಮುಸುಂಬಿ ಬೇಡ. ಅಪ್ಪ ಇಲ್ಲ. ನಿನ್ನಣ್ಣ ನನಗೆ ಹೇಳುವಾಗಲೇ ಎಲ್ಲ ಮುಗಿದಿತ್ತು."

ರಿಕ್ಷಾದವರು ಎಂಜಿನ್ ಆಫ್ ಮಾಡಿ, ಇಳಿದು, ಸ್ವಲ್ಪ ದೂರ ಹೋಗಿ ನಿಂತರು. ಅವಳು ಅಳಲಿಲ್ಲ. ಕೈ ಬಿಡಿಸಿಕೊಂಡಳು.

"ನಿಮ್ಮ ಮನೆಯಲ್ಲೇ ಹೇಳ್ಬಹುದಿತ್ತಲ್ಲ? ಇಷ್ಟು ಹೊತ್ತು ನಾನು ಉಪ್ಪಿನಕಾಯಿ, ಅಡ್ಮಿಷನ್ ಅಂತ ಮಾತಾಡಿದೆ. ನೀವು ಹೂಂ ಹೂಂ ಅಂತ ಕೇಳ್ತಾ ಕೂತ್ರಿ."

"ತಪ್ಪಾಯ್ತು. ನಿನ್ನಣ್ಣ ಬೇಡ ಅಂದ, ನಾನು ಒಪ್ಪಿದೆ" ಎಂದೆ. ವಯಸ್ಸಾದ ಮೇಲೆ ಕ್ಷಮೆ ಕೇಳುವುದು ಕಷ್ಟ ಎನ್ನುತ್ತಾರೆ. ಆ ಹೊತ್ತಿಗೆ ಕಷ್ಟವೇನೂ ಅನ್ನಿಸಲಿಲ್ಲ.

ಅವಳು ಮುಖ ತಿರುಗಿಸಿ ಅಣ್ಣನಿಗೆ ಫೋನು ಹಚ್ಚಿದಳು. ಅವರ ಮನೆಮಾತು ಅರೆಭಾಷೆ, ನನಗೆ ಮುಕ್ಕಾಲು ಅರ್ಥವಾಗುತ್ತದೆ. ಗೊತ್ತಾಯಿತು ಎಂದಳು. ಅಪ್ಪನನ್ನು ಮೀಯಿಸಿ ಆಯಿತಾ ಎಂದು ಕೇಳಿದಳು. ನೀರು ಕಾಯಿಸುತ್ತಿದ್ದಾರೆ ಎಂದು ಅವನು ಹೇಳಿರಬೇಕು. ನಾನು ಬರುವವರೆಗೆ ಯಾರೂ ಮುಟ್ಟಬೇಡಿ, ಗಡ್ಡ ನಾನೇ ತೆಗೆಯುವುದು ಎಂದು ಹೇಳಿ ಇಟ್ಟಳು. ಆಮೇಲೆ ನನ್ನ ಕಡೆ ನೋಡದೆಯೇ, "ಅಪ್ಪನಿಗೆ ಕೈ ನಡುಗ್ತದೆ. ರಜೆಯಲ್ಲಿ ಹೋದಾಗೆಲ್ಲ ನಾನೇ ತೆಗೆಯುದು. ಈಗ ಹದಿನೈದು ದಿವಸದ್ದು ಉಂಟು ಮುಖದಲ್ಲಿ" ಎಂದಳು. ಆಗ ಅತ್ತಳು. ರಿಕ್ಷಾದವರು ಬಂದು ಹೊರಡಿಸಿದರು. ಬೆಳ್ಳಾರೆ ಬರುವವರೆಗೂ ಅಳುತ್ತಿದ್ದಳು. ಅರ್ಧ ದಾರಿಯಲ್ಲಿ ತಲೆಯನ್ನು ನನ್ನ ಹೆಗಲಿಗೆ ಒರಗಿಸಿದಳು.

ಮನೆಗೆ ತಲುಪಿದಾಗ ಅವಳ ಕಣ್ಣು ಒಣಗಿತ್ತು. ಅಂಗಳದ ಕುರ್ಚಿಗಳ ನಡುವಿನಿಂದ ನೇರ ಒಳಗೆ ಹೋದಳು. ಅಣ್ಣ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, "ಹೇಳ್ಬೇಡಿ ಅಂದಿದ್ದೆನಲ್ಲ ಟೀಚರ್" ಎಂದ.

"ಹೌದು. ಆದರೂ ಹೇಳಿದೆ."

ಒಳಗೆ ಅವಳ ಅತ್ತೆ, ಅಪ್ಪನ ತಂಗಿ, ತಡೆಯುತ್ತಿದ್ದರು. "ಅದೆಲ್ಲ ಗಂಡಸರು ಮಾಡ್ತಾರೆ ಮಗಾ. ನೀನು ಕೂತು ಅಳು."

"ಅಳುದು ಮತ್ತೆ ಅಳ್ತೇನೆ ಅತ್ತೆ. ಬಿಸಿನೀರು ಎಲ್ಲಿ?"

ಬಿಸಿನೀರಿನ ಚೆಂಬು ನನ್ನ ಕೈಗೆ ಬಂತು. ಅವಳು ಅಪ್ಪನ ಮುಖಕ್ಕೆ ಸೋಪಿನ ನೊರೆ ಹಚ್ಚಿ, ಕೆನ್ನೆಯ ಚರ್ಮ ಎಳೆದು ಹಿಡಿದು, ನಿಧಾನ ಬ್ಲೇಡು ಆಡಿಸತೊಡಗಿದಳು. ತಲೆ ಒಂದು ಬದಿಗೆ ವಾಲುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಅಣ್ಣ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಂದು ತಲೆಯ ಬಳಿ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈಯಿಂದ ಅಪ್ಪನ ತಲೆಯನ್ನು ಹಿಡಿದುಕೊಂಡ.

"ಸ್ವಲ್ಪ ಆಚೆಗೆ ತಿರುಗಿಸು ಅಣ್ಣಾ" ಎಂದಳು. ಅವನು ತಿರುಗಿಸಿದ.