ಹಗ್ಗದ ತುದಿಯಲ್ಲಿ ಲೀಲಕ್ಕನ ಜಾಗ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಆಲೂರಿನಿಂದ ಸಕಲೇಶಪುರಕ್ಕೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಹೊಸಗದ್ದೆ ಎಂಬ ಊರು. ಅಲ್ಲಿ ದ್ಯಾವಣ್ಣನವರ ಗದ್ದೆಯ ನಟ್ಟನಡುವೆ, ಮೊಣಕಾಲಿನವರೆಗೆ ಕೆಸರಿನಲ್ಲಿ, ಬಾಯಲ್ಲಿ ಪೀಪಿ ಕಚ್ಚಿಕೊಂಡು ನಿಂತಿದ್ದೆ. ಅದು ನಾಟಿಗೆ ಮುಂಚಿನ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಮಳೆ ಬಿಟ್ಟು ಬೆಳಕು ಚೆನ್ನಾಗಿತ್ತು. ನನ್ನ ಎಡಕ್ಕೆ ಹೊಸಗದ್ದೆಯ ಹೆಂಗಸರು, ಬಲಕ್ಕೆ ಮಾರನಹಳ್ಳಿಯ ಹೆಂಗಸರು, ನಡುವೆ ಹಗ್ಗ. ಇದೆಲ್ಲ ನಡೆದು ಕೆಲವು ವರ್ಷಗಳಾದವು.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ದೆವ್ವ, ಗಾಳಿ ಎಂಬ ಮಾತುಗಳನ್ನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ ‘ನೀವೇ ಕಣ್ಣಾರೆ ಕಂಡಿರಾ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ಅದನ್ನೇ ನನಗೆ ಕೇಳಬಹುದು. ಕಂಡೆ. ಕಂಡದ್ದು ಏನು ಎಂಬುದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಹೊಸಗದ್ದೆಯ ಯುವಕರ ಸಂಘ ಪ್ರತಿ ವರ್ಷ ಕೆಸರುಗದ್ದೆ ಆಟಗಳನ್ನು ನಡೆಸುತ್ತದೆ. ತೀರ್ಪುಗಾರನಾಗಿ ನನ್ನನ್ನು ಕರೆಯುತ್ತಾರೆ. ಮಕ್ಕಳ ಓಟ, ಗಂಡಸರ ವಾಲಿಬಾಲ್ ಎಲ್ಲ ಆದ ಮೇಲೆ ಕೊನೆಗೆ ಹೆಂಗಸರ ಹಗ್ಗಜಗ್ಗಾಟ. ಗೆದ್ದವರಿಗೆ ಒಂದು ಬಾಳೆಗೊನೆ, ಒಂದು ಸ್ಟೀಲ್ ಕೊಳಗ. ಜನ ಸೇರುವುದೇ ಇದನ್ನು ನೋಡಲು. ಹೊಸಗದ್ದೆಯ ಕಡೆ ಹಗ್ಗದ ತುದಿಯಲ್ಲಿ ಯಾವಾಗಲೂ ಲೀಲಕ್ಕ ನಿಲ್ಲುತ್ತಿದ್ದರು. ತುದಿಯನ್ನು ಸೊಂಟಕ್ಕೆ ಒಂದು ಸುತ್ತು ಸುತ್ತಿ, ಮಿಕ್ಕಿದ್ದನ್ನು ಹೆಗಲ ಮೇಲಿಂದ ಹಿಂದಕ್ಕೆ ಇಳಿಬಿಡುತ್ತಿದ್ದರು. ಅವರು ಜಗ್ಗುತ್ತಿರಲಿಲ್ಲ. ಒಂದು ಹಿಮ್ಮಡಿ ಊರಿ ಭಾರ ಹಿಂದಕ್ಕೆ ಹಾಕುವುದು, ಆಮೇಲೆ ಇನ್ನೊಂದು ಹಿಮ್ಮಡಿ. ಅವಸರವೇ ಇಲ್ಲ. ‘ಲೀಲಕ್ಕ ಕಾಲೂರಿದ್ರೆ ಟ್ರ್ಯಾಕ್ಟ್ರೇ ಬರ್ಬೇಕು’ ಎಂದು ಬದುವಿನ ಮೇಲಿನವರು ನಗುತ್ತಿದ್ದರು.

ಆ ವರ್ಷ ಲೀಲಕ್ಕನಿಗೆ ಇಲಿಜ್ವರ ಬಂತು. ಹಾಸನದ ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ಮಿಷನ್ ಹಾಕಿದ್ದರು. ಕಣ್ಣು ಬಿಟ್ಟಿರಲಿಲ್ಲ. ವಾರ್ಡಿನ ಹೊರಗೆ ಅವರ ಗಂಡ ಕೂತಿದ್ದರು. ಮಗಳು ಶ್ವೇತಾ ನನ್ನ ಹಳೆಯ ವಿದ್ಯಾರ್ಥಿನಿ. ಆಸ್ಪತ್ರೆಯಲ್ಲೇ ಇದ್ದವಳನ್ನು, ಸ್ನಾನ ಮಾಡಿ ಒಂದು ನಿದ್ದೆ ಮಾಡು ಎಂದು ಅಪ್ಪ ಊರಿಗೆ ಕಳಿಸಿದ್ದರು. ಅವಳು ಮಲಗಲಿಲ್ಲ. ಊದಿದ ಕಣ್ಣುಗಳಲ್ಲಿ ಗದ್ದೆಗೆ ಬಂದಳು.

ತಂಡಕ್ಕೆ ಎಂಟು ಜನ. ಹೊಸಗದ್ದೆಯವರು ಏಳೇ ಜನ ಇಳಿದರು. ಬದಲಿಗೆ ಬರಲು ಬದುವಿನ ಮೇಲೆ ಬೇಕಾದಷ್ಟು ಹೆಂಗಸರಿದ್ದರು. ಆದರೆ ಆ ಊರಿನಲ್ಲಿ ಒಂದು ಪದ್ಧತಿ ಇದೆ. ನಾಟಿಗೆ ಅವರು ಮುಯ್ಯಾಳಾಗಿ ಹೋಗುತ್ತಾರೆ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಅವರಲ್ಲಿ ಒಬ್ಬಳು ಕಾಯಿಲೆ ಬಿದ್ದರೆ ಅವಳ ಸಾಲಿಗೆ ಬೇರೆಯವರನ್ನು ಇಳಿಸುವುದಿಲ್ಲ. ಸಾಲನ್ನು ಹಾಗೇ ಬಿಟ್ಟು, ಕೊನೆಗೆ ಎಲ್ಲರೂ ಸೇರಿ ನೆಟ್ಟು ಮುಗಿಸುತ್ತಾರೆ. ಬೇರೆಯವರು ಇಳಿದರೆ ಅವಳು ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ. ಲೀಲಕ್ಕನ ಜಾಗವನ್ನೂ ಹಾಗೇ ಬಿಟ್ಟಿದ್ದರು. ಶ್ವೇತಾ ಕೊನೆಯವಳಾಗಿ ನಿಂತಳು. ಅವಳ ಹಿಂದೆ ಹಗ್ಗದ ತುದಿ ಕೆಸರಿನಲ್ಲಿ ಬಿದ್ದಿತ್ತು. ಹಗ್ಗಜಗ್ಗಾಟ ಬಲ್ಲ ಯಾರೂ ಹೀಗೆ ತುದಿ ಬಿಡುವುದಿಲ್ಲ.

ಮಾರನಹಳ್ಳಿಯ ತಂಡಕ್ಕೆ ಜಯಕ್ಕ ಮುಂದಾಳು. ಬಾಯಿ ಜೋರು, ಮನಸ್ಸು ಒಳ್ಳೆಯದು. ಅವರಿಗೆ ಸುದ್ದಿ ತಿಳಿದಿರಲಿಲ್ಲ.

“ಏನ್ರಮ್ಮಿ, ಏಳೇ ಜನ ಬಂದಿದ್ದೀರಿ? ಎಂಟ್ನೇದು ಗಾಳಿ ಎಳೀತದಾ?”

ಯಾರೋ ಅವರ ಕಿವಿಯಲ್ಲಿ ಹೇಳಿದರು. ಜಯಕ್ಕನ ಮುಖ ಇಳಿಯಿತು. “ಅಯ್ಯೋ, ಗೊತ್ತಿರ್ಲಿಲ್ಲ ಕಣವ್ವ. ನಮ್ಮಲ್ಲೂ ಒಬ್ಳು ಕೂತ್ಕತಾಳೆ ಬುಡು, ಸರಿಸಮ ಆಗ್ಲಿ.”

“ಬ್ಯಾಡ ಜಯಕ್ಕ. ನೀವು ಎಂಟೇ ಇರಿ. ನಾವೂ ಎಂಟೇ” ಎಂದಳು ಶ್ವೇತಾ.

ನಾನು ಅವಳ ಹತ್ತಿರ ಹೋಗಿ, ತುದಿಯನ್ನಾದರೂ ನೀನು ಸೊಂಟಕ್ಕೆ ಸುತ್ತಿಕೋ ಎಂದೆ.

“ಅದು ಅವ್ವಂದು ಸಾರ್” ಎಂದವಳು ದನಿ ತಗ್ಗಿಸಿದಳು. “ಗೆದ್ರೆ ಅವ್ವ ಉಳ್ಕತಾಳೆ ಅಂತ ಬಸ್ಸಲ್ಲಿ ಬರ್ಬೇಕಾದ್ರೆ ಮನಸಲ್ಲಿ ಅಂದ್ಕಂಬುಟ್ಟೆ ಸಾರ್.”

ಸೋತರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹಾಗೆಲ್ಲ ಪಣ ಕಟ್ಟಬಾರದಮ್ಮ ಎಂದೆ. “ಕಟ್ಬುಟ್ಟಾಯ್ತಲ್ಲ ಸಾರ್” ಎಂದಳು. ಏಳು ಜನ ಎಂಟು ಜನರನ್ನು ಕೆಸರಿನಲ್ಲಿ ಎಳೆಯುವುದು ಆಗದ ಮಾತು. ಅದು ಅವಳಿಗೂ ಗೊತ್ತಿತ್ತು. ಪೀಪಿ ಊದಲು ನಾನು ಅಷ್ಟು ಹಿಂಜರಿದದ್ದು ಅದೇ ಮೊದಲು.

ಊದಿದೆ. ಹಗ್ಗದ ನಡುವೆ ಕಟ್ಟಿದ್ದ ಕೆಂಪು ಬಟ್ಟೆ ನೇರ ಮಾರನಹಳ್ಳಿಯ ಗೂಟದ ಕಡೆಗೆ ಹೊರಟಿತು. ಹೊಸಗದ್ದೆಯವರು ಜಾರುತ್ತಿದ್ದರು. ಶ್ವೇತಾಳ ಹಿಂದಿನ ತುದಿ ಕೇರೆಹಾವಿನಂತೆ ಕೆಸರಿನಲ್ಲಿ ಸರಿದು ಬರುತ್ತಿತ್ತು. ಬಟ್ಟೆ ಗೂಟಕ್ಕೆ ಒಂದು ಗೇಣು ಉಳಿದಾಗ ಇನ್ನು ಊದಬೇಕು ಎಂದು ಉಸಿರೆಳೆದುಕೊಂಡೆ.

ಬಟ್ಟೆ ನಿಂತಿತು.

ಹಗ್ಗ ಹೀಗೆ ಥಟ್ಟನೆ ನಿಂತರೆ ತೀರ್ಪುಗಾರ ತುದಿಗಳನ್ನು ನೋಡಬೇಕು. ಹೊರಗಿನವರು ಯಾರಾದರೂ ಕೈಹಾಕಿರುತ್ತಾರೆ. ನಾನು ಎಡಕ್ಕೆ ತಿರುಗಿದೆ. ಶ್ವೇತಾಳ ಹಿಂದಿನ ಹಗ್ಗ ಕೆಸರಿನಿಂದ ಮೇಲೆದ್ದಿತ್ತು. ಒಂದಾಳು ನಿಲ್ಲುವಷ್ಟು ದೂರ, ಸೊಂಟದ ಎತ್ತರಕ್ಕೆ, ತಂತಿಯಂತೆ ಬಿಗಿದುಕೊಂಡಿತ್ತು. ಅದರಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಮಿಕ್ಕ ತುದಿ ಅಲ್ಲಿಂದ ಹಿಂದಕ್ಕೆ ಇಳಿಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ಲ. ಅದರಾಚೆ ಬರೀ ಗದ್ದೆ, ಬದು.

ಕಣ್ಣುಜ್ಜಿ ಮತ್ತೆ ನೋಡಿದೆ. ಹಾಗೆಯೇ ಇತ್ತು. ಕೆಳಗೆ ಕೆಸರಿನಲ್ಲಿ ಎರಡು ಗುಳಿ ಕಂಡಂತಾಯಿತು, ನೀರು ತುಂಬಿ ಕೂಡಲೇ ಮುಚ್ಚಿತು. ಗುಳಿಯ ಬಗ್ಗೆ ನಾನು ಆಣೆ ಮಾಡಿ ಹೇಳಲಾರೆ. ಹಗ್ಗದ ಬಗ್ಗೆ ಹೇಳಬಲ್ಲೆ.

ಆಮೇಲೆ ಬಟ್ಟೆ ಎಡಕ್ಕೆ ಬರತೊಡಗಿತು. ಒಮ್ಮೆ ಸ್ವಲ್ಪ, ತಡೆದು ಇನ್ನೊಮ್ಮೆ ಸ್ವಲ್ಪ. ಒಂದು ಹಿಮ್ಮಡಿ, ಆಮೇಲೆ ಇನ್ನೊಂದು ಹಿಮ್ಮಡಿ. ಎಷ್ಟೋ ವರ್ಷ ನಾನು ನೋಡಿದ್ದ ಅದೇ ನಡೆ.

ಹೊಸಗದ್ದೆಯ ಏಳು ಜನರಿಗೂ ಇದು ಕಾಣುವಂತಿರಲಿಲ್ಲ, ಎಲ್ಲರ ಮುಖ ನನ್ನ ಕಡೆಗಿತ್ತು. ಎದುರಿಗಿದ್ದ ಮಾರನಹಳ್ಳಿಯವರಿಗೆ ಕಾಣುತ್ತಿತ್ತು. ಆದರೆ ಹೆಚ್ಚಿನವರು ತಲೆ ತಗ್ಗಿಸಿ, ಕಣ್ಣು ಮುಚ್ಚಿ ಎಳೆಯುತ್ತಿದ್ದರು. ಜಯಕ್ಕ ತಲೆ ಎತ್ತಿದ್ದರು. ಅವರು ಶ್ವೇತಾಳನ್ನು ನೋಡುತ್ತಿರಲಿಲ್ಲ, ಅವಳ ಹಿಂದೆ ನೋಡುತ್ತಿದ್ದರು. ಬಾಯಿ ತೆರೆದಿತ್ತು. ಅವರ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅವರ ಬೆನ್ನಿಗಿದ್ದ ಪವಿತ್ರ ಎಂಬ ಹುಡುಗಿಯೂ ಹಗ್ಗ ಬಿಟ್ಟಳು. ಉಳಿದವರು ಮುಂದಕ್ಕೆ ಮುಗ್ಗರಿಸಿ ಕೆಸರಿಗೆ ಬಿದ್ದರು. ಬಟ್ಟೆ ಹೊಸಗದ್ದೆಯ ಗೂಟ ದಾಟಿತು. ನಾನು ಊದಿದೆ. ತುದಿ ಸಡಿಲಗೊಂಡು ಕೆಸರಿಗೆ ಬಿತ್ತು.

ಜನ ಕೇಕೆ ಹಾಕಿದರು. ಖಾಲಿ ತುದಿಯನ್ನು ನೋಡಿಕೊಂಡು ಕೂರುವವರು ಯಾರು? ಗದ್ದೆಯ ಯಜಮಾನ ದ್ಯಾವಣ್ಣ ಮಾತ್ರ ಬದುವಿನಿಂದ ಇಳಿದು ಬಂದರು. “ಮೇಷ್ಟ್ರೇ, ನೋಡಿದ್ರಾ?” ಎಂದರು.

“ಏನನ್ನ?” ಎಂದೆ.

“ನೋಡಿದ್ರೆ ನಿಮ್ಗೇ ಗೊತ್ತಿರ್ತದೆ. ನೋಡ್ದಿದ್ರೆ ನಾನ್ ಹೇಳಿ ಉಪಯೋಗಿಲ್ಲ” ಎಂದು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು.

ಬಾಳೆಹಣ್ಣು ಹಂಚುತ್ತಿದ್ದಾಗ ಶ್ವೇತಾಳಿಗೆ ಫೋನ್ ಬಂತು. ಕೈ ಕೆಸರಾಗಿತ್ತು, ಯಾರೋ ಅವಳ ಕಿವಿಗೆ ಹಿಡಿದರು. ಅವಳಪ್ಪನ ದನಿ ನಮಗೂ ಕೇಳಿಸಿತು: “ಅವ್ವ ಕಣ್ ಬುಟ್ಟವ್ಳೆ ಕಣಮ್ಮಿ. ನನ್ ಮಖ ನೋಡುದ್ಲು.” ಶ್ವೇತಾ ಬದುವಿನ ಮೇಲೆ ಕುಕ್ಕರಿಸಿ ಅತ್ತಳು. ತಂಡದ ಉಳಿದ ಆರು ಹೆಂಗಸರೂ ಅವಳ ಸುತ್ತ ಕೂತರು. ಸೋತ ಜಯಕ್ಕ ಬಂದು ಅವಳ ತಲೆ ಸವರಿ ಜೀಪು ಹತ್ತಿದರು.

ಹಿಂದಿನ ದಿನವೇ ಔಷಧಿ ಕೆಲಸ ಮಾಡತೊಡಗಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರಂತೆ. ನಾನು ಒಪ್ಪುತ್ತೇನೆ. ಹಗ್ಗದ ವಿಷಯ ಅವರನ್ನು ಕೇಳುವಂಥದ್ದಲ್ಲ. ಮಾರನೆಯ ಬೆಳಿಗ್ಗೆ ಆ ಗದ್ದೆಗೆ ಹೋಗಿ ಶ್ವೇತಾ ನಿಂತಿದ್ದ ಕಡೆಯಿಂದ ಬದುವಿನವರೆಗೆ ಕಾಲಿನಿಂದ ತಡವಿದೆ. ಬೇರಿಲ್ಲ, ಕಲ್ಲಿಲ್ಲ. ಸಿಕ್ಕಿಹಾಕಿಕೊಂಡಿದ್ದರೂ ಹಗ್ಗ ಸೊಂಟದೆತ್ತರಕ್ಕೆ ಏಕೆ ಏಳಬೇಕು? ಫೋನಿನಲ್ಲಿ ತೆಗೆದ ವಿಡಿಯೋಗಳನ್ನೂ ಕೇಳಿ ನೋಡಿದೆ. ಎಲ್ಲರೂ ನಡುವಿನ ಬಟ್ಟೆಯನ್ನೇ ಹಿಡಿದಿದ್ದಾರೆ. ಒಂದರಲ್ಲಿ ಮಾತ್ರ ಶ್ವೇತಾಳ ಬೆನ್ನಿನ ತನಕ ಕಾಣುತ್ತದೆ, ಅಷ್ಟೇ.

ಲೀಲಕ್ಕ ಮನೆಗೆ ಬಂದ ಮೇಲೆ ನೋಡಲು ಹೋದೆ. ಸೊರಗಿದ್ದರು, ಗಂಜಿ ಕುಡಿಯುತ್ತಿದ್ದರು. ಆಸ್ಪತ್ರೆಯಲ್ಲಿ ಏನಾದರೂ ಕಂಡ ನೆನಪಿದೆಯೇ ಎಂದು ಕೇಳಿದೆ.

“ಕನಸೂ ಬೀಳ್ಲಿಲ್ಲ ಮೇಷ್ಟ್ರೇ. ಬರೀ ಕತ್ಲೆ” ಎಂದರು. ಆಮೇಲೆ ಮಗಳ ಕಡೆ ತಿರುಗಿ, “ತುದಿ ಯಾರೇ ಹಿಡ್ದಿದ್ದು?” ಎಂದರು.

“ಯಾರೂ ಹಿಡೀಲಿಲ್ಲ ಕಣವ್ವ.”

“ತುದಿ ಹಿಡೀದೆ ಗೆದ್ರಂತೆ! ಮೇಷ್ಟ್ರು ಮುಂದೇನೇ ಸುಳ್ಳು ಹೇಳ್ತಾಳೆ ನೋಡಿ” ಎಂದು ನಕ್ಕರು. ಮುಂದಿನ ವರ್ಷ ಅವರು ಗದ್ದೆಗೆ ಇಳಿದು ತಮ್ಮ ಜಾಗದಲ್ಲಿ ನಿಂತರು. ಈಗಲೂ ನಿಲ್ಲುತ್ತಾರೆ.

ನನಗೆ ಇದರ ಅರ್ಥ ಹೇಳಲು ಬರುವುದಿಲ್ಲ. ನೋಡಿದವರ ಹೆಸರು ಹೇಳಬಲ್ಲೆ. ದ್ಯಾವಣ್ಣ ತೀರಿಕೊಂಡರು. ಪವಿತ್ರ ಮದುವೆಯಾಗಿ ಆಲೂರಿನಲ್ಲಿದ್ದಾಳೆ, ಬಟ್ಟೆ ಹೊಲಿಯುತ್ತಾಳೆ. ಕೇಳಿದರೆ ಮಿಷನ್ ತುಳಿಯುವುದನ್ನು ನಿಲ್ಲಿಸದೆ ‘ಹೂಂ, ನೋಡ್ದೆ’ ಎನ್ನುತ್ತಾಳೆ. ಜಯಕ್ಕ ಮಾರನಹಳ್ಳಿಯಲ್ಲೇ ಇದ್ದಾರೆ, ಗಟ್ಟಿಯಾಗಿದ್ದಾರೆ. ನನ್ನನ್ನು ನಂಬದವರು ಅವರ ಮನೆಗೆ ಹೋಗಿ ಕೇಳಬಹುದು.