ಚಪ್ಪಟೆ ತಳದ ಆರು ಕೊಡಗಳು

ಎತ್ತರದ ಬಂಡೆಯ ಮೇಲಿನ ಆಕೊಮಾ ಊರಿನ ಯುಫೆಮಿಯಾ ಮೂವತ್ತು ವರ್ಷ ನೀರಿನ ಕೊಡ ಮಾಡಿದವಳು. ಅವಳ ಕೊಡದ ತಳ ಒಳಕ್ಕೆ ತಗ್ಗಾಗಿರುತ್ತಿತ್ತು. ಬಂಡೆಯ ಹೊಂಡದಿಂದ ನೀರು ತರುವಾಗ ನೆತ್ತಿಯ ಮೇಲೆ ಅಲುಗದೆ ಕೂರಬೇಕಲ್ಲ. ಆ ಸೀಮೆಗೆ ರೈಲು ಬಂದ ಬೆನ್ನಿಗೇ ಬಂದಿಳಿದ ವ್ಯಾಪಾರಿ ಹಾರ್ಲನ್‌ಗೆ ಅದು ಹಿಡಿಸಲಿಲ್ಲ. ಪೇಟೆಯ ಹೆಂಗಸರು ಕೊಡವನ್ನು ಮೇಜಿನ ಮೇಲಿಡುತ್ತಾರೆ, ತಳ ಚಪ್ಪಟೆಯಾಗದಿದ್ದರೆ ಕೊಳ್ಳುವುದಿಲ್ಲ ಎಂದ. ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟು ಮುಗಿಯುತ್ತ ಬಂದಿತ್ತು. ಯುಫೆಮಿಯಾ ಹಲ್ಲು ಕಚ್ಚಿಕೊಂಡು ಚಪ್ಪಟೆ ತಳದ ಆರು ಕೊಡ ಮಾಡಿದಳು.

ಅವನ್ನು ಒಯ್ಯಲು ಬಂದ ಹಾರ್ಲನ್ ಕ್ಯಾಮೆರಾವನ್ನೂ ತಂದಿದ್ದ. "ಒಂದನ್ನ ತಲೆ ಮೇಲಿಟ್ಕೊಂಡು ನಿಂತ್ಕೊಳಮ್ಮ. ಚಿತ್ರ ನೋಡಿದ್ರೆ ಜನ ಮುಗಿಬೀಳ್ತಾರೆ."

ವ್ಯಾಪಾರಿಯಾದವನಿಗೆ ತಾನು ಹೇಳಿದ್ದಾದರೂ ನೆನಪಿರಬೇಕು. ಯುಫೆಮಿಯಾಳ ಮೈ ಉರಿದುಹೋಯಿತು.

"ತಲೆಗೆ ಬ್ಯಾಡ, ಮೇಜಿಗೆ ಬೇಕು ಅಂದೋನು ನೀನೇ ಅಲ್ವಾ? ನಿನ್ನ ತಲೇನೂ ಮೇಜಿನಂಗೇ ಐತೆ, ನೀನೇ ಇಟ್ಕೊ!"

ಅವನ ಟೋಪಿ ಕಿತ್ತು, ಬೋಳು ನೆತ್ತಿಯ ಮೇಲೆ ಕೊಡವಿಟ್ಟು ಕೈಬಿಟ್ಟಳು. ಅವನು ಬೆಚ್ಚಿ ಹಿಂದೆ ಸರಿದ. ಕೊಡ ಬಂಡೆಗೆ ಬಿದ್ದು ಚೂರಾಯಿತು.

"ಹುಚ್ಚಿ! ಒಳ್ಳೇ ಮಾಲು ಹಾಳು ಮಾಡ್ದೆ!"

"ಹಾಳೆಲ್ಲಾಯ್ತಣ್ಣ? ಈಗ ಉಪಯೋಗಕ್ಕೆ ಬಂತು."

ಉಳಿದ ಐದನ್ನೂ ತಾನೇ ಒಡೆದಳು. ಒಡೆದ ಕೊಡದ ಪುಡಿ ಬೆರೆಸದೆ ಆಕೊಮಾದ ಜೇಡಿಮಣ್ಣಿಗೆ ಹದ ಬರುವುದಿಲ್ಲ. ಹಾರ್ಲನ್ ಬೈಯುತ್ತ ಬಂಡೆಯ ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಚೂರುಗಳನ್ನು ಕಲ್ಲಿನ ಮೇಲೆ ಹಾಕಿ, ಅವನ ಮುಖವೇ ಅಲ್ಲಿದೆಯೇನೋ ಎಂಬಂತೆ ಅರೆಯುತ್ತಿದ್ದಳು. ಆಮೇಲೆ ಎದ್ದು ಕೈ ಕೊಡವಿಕೊಂಡು, ಹಿಟ್ಟು ಕೇಳಲು ತಂಗಿಯ ಮನೆಗೆ ಹೋದಳು.