ಉರಿವೀರ ಆರಿದ ದಿನ

ಊರಿಗೆಲ್ಲ ಮಂಗಳಮ್ಮ, ನನಗೆ ಮಂಗಳಕ್ಕ. ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ನಮ್ಮ ಎದುರು ಮನೆ. ನಾನು ಹಾಲಿನ ಡೈರಿಯ ಕಾರ್ಯದರ್ಶಿಯಾಗಿರುವುದರಿಂದ ಬೆಳಗ್ಗೆ, ಸಂಜೆ ಎರಡು ಹೊತ್ತೂ ಅವಳ ಹಾಲನ್ನೂ ಅಳೆಯುತ್ತೇನೆ, ಮಾತನ್ನೂ ಕೇಳುತ್ತೇನೆ. ಹಾಲಿಗೆ ಅವಳು ನೀರು ಬೆರೆಸುವುದಿಲ್ಲ, ಮಾತಿಗೂ ಅಷ್ಟೆ.

ಒಂದು ಕಾಲಕ್ಕೆ ನಮ್ಮ ಸುತ್ತಿನ ಮದುವೆಗಳಲ್ಲಿ ಸೋಬಾನೆ ಎಂದರೆ ಮಂಗಳಕ್ಕ. ಬರೀ ಆರತಿ ಹಾಡಲ್ಲ, ಬೀಗರ ಸವಾಲು. ಉಳಿದ ದಿನಗಳಲ್ಲಿ ಬೀಗರ ಮುಂದೆ ಕೆಮ್ಮುವುದಕ್ಕೂ ಹೆದರುವ ಹೆಣ್ಣಿನ ಕಡೆಯವರು ಆ ಒಂದು ಹೊತ್ತು ಏನು ಬೇಕಾದರೂ ಅನ್ನಬಹುದು. ಗಂಡಿನ ಕಡೆಯವರು ಮುನಿಸಿಕೊಳ್ಳುವ ಹಾಗಿಲ್ಲ, ತಿರುಗಿ ಹಾಡಬೇಕು. ಉತ್ತರ ಹೊಳೆಯದವರು ಸೋತರು. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವಂತಿಲ್ಲ. ಸೋತವರು ಗೆದ್ದವರು ಕೇಳಿದ್ದನ್ನು ಕೊಡಬೇಕು. ಎಲೆ ಅಡಿಕೆಯೋ, ರವಿಕೆ ಕಣವೋ, ಹೆಚ್ಚೆಂದರೆ ಒಂದು ಹುಂಜವೋ ಕೇಳುತ್ತಿದ್ದರು. ಮಂಗಳಕ್ಕ ಸೋತದ್ದನ್ನು ನಾನು ನೋಡಿಲ್ಲ.

ಆಮೇಲೆ ಡಿಜೆ ಬಂತು. ಎದೆ ಒಡೆಯುವ ಹಾಗೆ ಬಡಿಯುವ ಆ ಪೆಟ್ಟಿಗೆಗಳ ಮುಂದೆ ಯಾವ ಹೆಂಗಸು ಹಾಡಿಯಾಳು? ಅವುಗಳನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮಂಗಳಕ್ಕ ಮದುವೆಗಳಿಗೆ ಹೋಗಿ ಊಟ ಮಾಡಿ, ಕೈ ತೊಳೆದು ಬರತೊಡಗಿದಳು. ಅವಳ ಗಂಡ ಪುಟ್ಟರಾಜಣ್ಣ ಮನೆಯ ಮಾತಿನ ಪಾಲನ್ನೆಲ್ಲ ಹೆಂಡತಿಗೇ ಬಿಟ್ಟುಕೊಟ್ಟ ಪುಣ್ಯಾತ್ಮ. ಹೀಗಾಗಿ ಅವಳಿಗೆ ವಾದಕ್ಕೆ ಮನೆಯಲ್ಲೂ ಗಿರಾಕಿ ಇರಲಿಲ್ಲ.

ಗಿರಾಕಿ ಸಿಕ್ಕಿದ್ದು ಡೈರಿಯ ಸಾಲಿನಲ್ಲಿ. ಅವಳ ಮೊಮ್ಮಗಳು ಶೋಭಿತಾ ಮತ್ತು ಊರಿನ ಮಕ್ಕಳು ಕ್ಯಾನು ಹಿಡಿದು ನಿಂತಾಗ ದಿನವೂ ಒಂದೇ ಜಗಳ. ಟಿವಿ ಕಾರ್ಟೂನಿನಲ್ಲಿ ಬರುವ ಉರಿವೀರ, ಚಿತ್ರಕಥೆ ಪುಸ್ತಕದ ಚುಕ್ಕಿರಾಣಿ, ಮೊಬೈಲ್ ಆಟದ ಕಬ್ಬಿಣದ ಕೆಂಚ, ಇವರೆಲ್ಲ ಎದುರುಬದುರಾದರೆ ಗೆಲ್ಲುವವರು ಯಾರು? ಉರಿವೀರನಿಗೆ ಮೈಯೆಲ್ಲ ಬೆಂಕಿ, ಮೋಡದ ಮೇಲೆ ಹಾರಾಟ. ಚುಕ್ಕಿರಾಣಿ ಚಿಟಿಕೆ ಹೊಡೆದರೆ ಕಾಲವೇ ನಿಲ್ಲುತ್ತದೆ. ಕೆಂಚನದು ಬರೀ ಕಬ್ಬಿಣದ ಮೈ, ನಿಧಾನದ ನಡಿಗೆ.

ಒಂದು ಸಂಜೆ ಜಗಳ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಮಂಗಳಕ್ಕ ಕ್ಯಾನು ಕೆಳಗಿಟ್ಟು ಕೇಳಿದಳು: "ಒಬ್ಬ ಟಿವಿಯೋನು, ಒಬ್ಳು ಪುಸ್ತಕದೋಳು. ಅವ್ನ ಲೋಕ ಬೇರೆ, ಇವ್ಳ ಲೋಕ ಬೇರೆ. ಕಾಳಗ ನಡಿಯೋ ನೆಲ ಯಾರ್ದು?"

ಅದನ್ನು ಯಾರೂ ಯೋಚಿಸಿರಲಿಲ್ಲ.

"ಗಂಡು ಯಾವೂರೋನಾದ್ರೂ ಆಗ್ಲಿ, ಧಾರೆ ನಡಿಯೋದು ನಮ್ಮ ಚಪ್ಪರದಲ್ಲಿ. ಇಲ್ಲಿಗ್ ಬಂದೋರು ಇಲ್ಲೀ ರೀತಿ ನಡೀಬೇಕು. ಕಾಳಗ ಕೊಪ್ಪದಲ್ಲಿ," ಎಂದು ತೀರ್ಪು ಕೊಟ್ಟಳು.

ಅಂದಿನಿಂದ ಎಲ್ಲ ಲೋಕಗಳ ವೀರರೂ ಕೊಪ್ಪಕ್ಕೆ ಬಂದು ಹೊಡೆದಾಡತೊಡಗಿದರು. ಚುಕ್ಕಿರಾಣಿಯ ಕಥೆ ಮೊದಲ ದಿನವೇ ಮುಗಿಯಿತು. "ಒತ್ತು ನಿಲ್ಲುಸ್ಬುಟ್ರೆ ಅಸಿನ ಕೆಚ್ಚಲು ಬಾತ್ಕಳಾಕಿಲ್ವಾ? ಅಂಥೋಳ್ನ ಊರೊಳಕ್ಕೇ ಬುಡ್ಬಾರ್ದು," ಎಂದಳು ಮಂಗಳಕ್ಕ. ಸಾಲಿನಲ್ಲಿದ್ದ ದೊಡ್ಡವರೂ ತಲೆಯಾಡಿಸಿದರು. ದೊಡ್ಡವರು ಈ ವಿಷಯದಲ್ಲಿ ತಲೆಯಾಡಿಸುತ್ತಾರೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಗುತ್ತಿದ್ದೆ. ಆದರೆ ಹಾಲಿನ ಫ್ಯಾಟು ನೋಡುವುದನ್ನು ನಿಲ್ಲಿಸಿ ನಾನೂ ತಲೆಯಾಡಿಸಿದ್ದೆ.

ಅವಳು ಮಾತ್ರ ಯಾವಾಗಲೂ ಕಬ್ಬಿಣದ ಕೆಂಚನ ಪಕ್ಷ. ಶೋಭಿತಾ ಕಾಡುತ್ತಿದ್ದಳು, "ಅಜ್ಜಿ, ಉರಿವೀರನ್ನ ತಗೋ. ಅವನಿಗೆ ಪವರ್ ಜಾಸ್ತಿ."

"ಮ್ಯಾಲ್ ಮ್ಯಾಲೆ ಆರಾಡೋರು ನಂಗ್ ಬ್ಯಾಡ ಕಣೇ. ನಮ್ಮ ಬಾಯಿಗೆ ಅವ್ರು ಆಗ್ಬರಾಕಿಲ್ಲ."

ಬಾಯಿಗೆ ಆಗಿಬರುವುದಿಲ್ಲ ಎಂದರೇನು ಎಂದು ನಾನೂ ಕೇಳಲಿಲ್ಲ. ಮುದುಕಿಯ ಹಟ ಎಂದುಕೊಂಡೆ.

ಇಷ್ಟರಲ್ಲಿ ಮಂಗಳಕ್ಕನ ತಮ್ಮ ಶಿವರಾಜು ಮಗಳಿಗೆ ಗಂಡು ನೋಡಿದ. ಹುಡುಗಿ ದೀಪಿಕ ಮಂಡ್ಯದ ವಿ.ಸಿ. ಫಾರಂನ ಕಾಲೇಜಿನಲ್ಲಿ ಕೃಷಿ ಓದುತ್ತಿದ್ದಳು, ಕೊನೆಯ ವರ್ಷವೊಂದು ಬಾಕಿ. ಭತ್ತದ ಪ್ರಯೋಗದ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತು ತೆಗೆಸಿಕೊಂಡ ಫೋಟೋವನ್ನೇ ಗಂಡಿನ ಮನೆಗೆ ಕಳಿಸಿದ್ದ ಹುಡುಗಿ ಅದು. ಗಂಡು ಮಳವಳ್ಳಿಯ ಯತೀಶ್, ಬೀಜ ಗೊಬ್ಬರದ ಅಂಗಡಿಯವನು. ಆ ಫೋಟೋ ನೋಡಿಯೇ ಒಪ್ಪಿದ್ದಂತೆ. ಓದು ಮುಗಿಸಲಿ ಎಂದೂ ಹೇಳಿದ್ದ. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅವನದಲ್ಲ, ಅವನ ತಾತ ಕೆಂಪಸಿದ್ದಯ್ಯನವರದು.

ಮದುವೆ ಮದ್ದೂರಿನ ಛತ್ರದಲ್ಲಿ ಆಯಿತು. ಧಾರೆ ಮುಗಿದ ಮೇಲೆ ಶಿವರಾಜು ಕೈಮುಗಿದು, ಕಾಲೇಜು ಶುರುವಾದ ಕೂಡಲೇ ಹುಡುಗಿಯನ್ನು ಹಾಸ್ಟೆಲಿಗೆ ಬಿಡುವ ಮಾತೆತ್ತಿದ. ಕೆಂಪಸಿದ್ದಯ್ಯನವರು ಮೀಸೆ ಸವರಿಕೊಂಡು ಅಂದರು: "ಅದೆಲ್ಲ ಇನ್ಯಾಕಪ್ಪ? ಓದೋಳು ಓದೋಳೇ ಕಣಪ್ಪ."

ಛತ್ರವೆಲ್ಲ ಗೊಳ್ಳೆಂದಿತು. ನಮ್ಮ ಕಡೆಯ ನಾಲಿಗೆಗೆ ಹಕಾರ ಒಗ್ಗುವುದಿಲ್ಲ. ಓದುವವಳೂ ಓದೋಳು, ಮನೆ ಬಿಟ್ಟು ಹೋದವಳೂ ಓದೋಳು. ಓದಲು ಬಿಟ್ಟವಳು ಕೈಬಿಟ್ಟು ಹೋದಳೆಂದೇ ಲೆಕ್ಕ ಎಂದು ಮುದುಕ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ನಗುವವರ ನಡುವೆ ಯಾರು ತಾನೇ ಎದುರು ಮಾತಾಡಿಯಾರು? ಯತೀಶ್ ನೆಲ ನೋಡಿದ. ಶಿವರಾಜು ಹಲ್ಲು ಕಿರಿದ. ಬಾಸಿಂಗದ ಕೆಳಗೆ ಆ ಮಗುವಿನ ಮುಖ ಕಪ್ಪಿಟ್ಟಿದ್ದು ನನಗೆ ಕಾಣುತ್ತಿತ್ತು.

"ಒಂದೇ ವರ್ಸ ಅತ್ತೆ," ಎಂದು ದೀಪಿಕ ಆಮೇಲೆ ಮಂಗಳಕ್ಕನ ತೋಳು ಹಿಡಿದುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

"ಬೀಗ್ರು ಮಾತು ಬಲ್ಲೋರು. ಮಾತ್ನಲ್ಲೇ ನೋಡ್ಕಳವ ಸುಮ್ಕಿರು," ಎಂದಳು ಮಂಗಳಕ್ಕ.

ಬೀಗರ ಊಟ ಕೊಪ್ಪದಲ್ಲಿ, ಶಿವರಾಜುವಿನ ಮನೆ ಮುಂದಿನ ಶಾಮಿಯಾನದಲ್ಲಿ. ಮಳವಳ್ಳಿಯವರು ಟೆಂಪೋಗಳಲ್ಲಿ ಬಂದಿಳಿದರು. ಮುದ್ದೆ, ಬೋಟಿ ಗೊಜ್ಜು, ಕೈಮ ಉಂಡೆ, ಪಾತ್ರೆ ಪಾತ್ರೆ ಮಟನ್ ಸಾರು. ದೀಪಿಕಳಿಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮದ್ದೂರಿನ ಪಾರ್ಥಸಾರಥಿ ಮೇಷ್ಟ್ರೂ ಬಂದಿದ್ದರು. ಊಟಕ್ಕಲ್ಲ, ಹರಸಿ ಎಳನೀರು ಕುಡಿದು ಹೋಗಲು. ಮಟನ್ನಿನ ಗಾಳಿ ಬೀಸದ ಮೂಲೆಯಲ್ಲಿ ಅವರಿಗೊಂದು ಕುರ್ಚಿ ಹಾಕಿದ್ದೆವು.

ಊಟವಾಗಿ ಎಲೆ ಅಡಿಕೆ ತಟ್ಟೆ ಬರುವ ಹೊತ್ತಿಗೆ ಎರಡೂ ಕಡೆಯ ಮಕ್ಕಳಿಗೆ ಜಗಳ ಹತ್ತಿಕೊಂಡಿತು. ಮಳವಳ್ಳಿಯ ಮಕ್ಕಳು ಉರಿವೀರ ಎಂದರೆ ನಮ್ಮವು ಕಬ್ಬಿಣದ ಕೆಂಚ ಎಂದವು. ಕೆಂಪಸಿದ್ದಯ್ಯನವರು ತಮ್ಮ ಮಕ್ಕಳ ಬೆನ್ನು ತಟ್ಟಿ, "ಬೆಂಕಿ ಮುಂದೆ ಕಬ್ಬುಣ ಏನ್ಲಾ ಮಾಡಾತು?" ಎಂದರು.

ಮಂಗಳಕ್ಕ ಇದಕ್ಕೇ ಕಾದಿದ್ದವಳ ಹಾಗೆ ಮುಂದೆ ಬಂದು ಕೂತಳು. "ಬೀಗ್ರೇ, ಸೋಬಾನೆ ಸವಾಲು ಈ ಮದ್ವೇಲಿ ನಡೀನೇ ಇಲ್ಲ. ಆ ಡಬ್ಬ ಬಡ್ದು ಬಡ್ದು ನಮ್ಮ ಕಿವೀನೂ ಓಯ್ತು, ರೂಢೀನೂ ಓಯ್ತು. ಈಗ್ಲಾರ ಆಗೋಗ್ಲಿ. ನಿಮ್ಕಡೆ ಉರಿವೀರ, ನಮ್ಕಡೆ ಕೆಂಚ. ಸೋತೋರು ಕೇಳಿದ್ದು ಕೊಡ್ಬೇಕು."

"ಏನ್ ಕೇಳೀಯಮ್ಮ?"

"ಗೆದ್ಮೇಕೆ ಯೋಳ್ತೀನಿ."

ಮುದುಕನೂ ಹಳೆಯ ಸವಾಲುಗಾರ. ಅವನ ಕಣ್ಣು ಹೊಳೆಯಿತು. ಹುಂಜವೋ ಟಗರೋ ಹೋದೀತು ಎಂದುಕೊಂಡಿರಬೇಕು. "ಮಾತಾಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು. ತಿರುಗ್ಸಂಗಿಲ್ಲ," ಎಂದು ತಾನೇ ಕಟ್ಟಳೆ ಹೇಳಿದ. ತೀರ್ಪಿಗೆ ಮೇಷ್ಟ್ರನ್ನು ಕೂರಿಸಿದರು. ನೆಲ ಕೊಪ್ಪದ್ದು ಎಂಬುದಕ್ಕೆ ತಕರಾರು ಬರಲಿಲ್ಲ, ಉಂಡ ಮನೆಯಲ್ಲವೇ.

"ನಮ್ಮೋನು ಕಣ್ಬುಟ್ರೆ ಬೆಟ್ಟ ಉರ್ದೋಯ್ತದೆ," ಎಂದು ಕೆಂಪಸಿದ್ದಯ್ಯನವರು ಶುರುಮಾಡಿದರು.

"ಉರೀಲಿ. ಕೆಂಚ ಕುಲುಮೇಲಿ ಉಟ್ದೋನು. ಅವ್ನಿಗೆ ಬೆಂಕಿ ಅಂದ್ರೆ ತೊಟ್ಲು."

ನಮ್ಮವರು ಚಪ್ಪಾಳೆ ತಟ್ಟಿದರು.

"ಕುಲುಮೇಲಿ ಕಾಯ್ಸುದ್ರೆ ಕಬ್ಬುಣ ಬಗ್ತದೆ ಕಣಮ್ಮ. ನಮ್ಮೋನು ಕಾಯ್ಸಿ ಕಾಯ್ಸಿ ನಿಮ್ಮೋನ್ನ ಕುಡ್ಲು ಮಾಡಿ ಬಾಗ್ಲಿಗೆ ಸಿಗಾಕ್ತಾನೆ."

"ಕಾಯೋಗಂಟ ನಿಂತಿರಾಕೆ ಅವ್ನೇನು ದಡ್ಡನಾ? ಇಲ್ಲೇ ನಾಲೆ ಅದೆ. ಇಳ್ದು ಕತ್ತುಮಟ್ಟ ನೀರಲ್ಲಿ ನಿಂತ್ಕತಾನೆ. ಬೆಂಕಿಯೋನು ಬರ್ಲಿ ನೋಡವ."

ಮುದುಕ ಎಲೆಗೆ ಸುಣ್ಣ ಸವರುತ್ತಾ ಅವಸರವಿಲ್ಲದೆ ಹೇಳಿದ: "ನಿಂತ್ಕಳ್ಳಿ ಬುಡು. ನೀರಲ್ಲಿ ನಿಂತ ಕಬ್ಬುಣ ತುಕ್ಕು ಇಡೀತದೆ."

ಮಳವಳ್ಳಿಯವರ ಶಿಳ್ಳೆಗೆ ಶಾಮಿಯಾನ ಹಾರಿಹೋಗುವುದೊಂದು ಬಾಕಿ. ತುಕ್ಕಿಗೆ ಉತ್ತರ ಎಲ್ಲಿದೆ? ಬಾಗಿಲ ಬಳಿ ನಿಂತಿದ್ದ ದೀಪಿಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಶಿವರಾಜು ಒಳಗೆ ಎದ್ದುಹೋದ.

ಮಂಗಳಕ್ಕ ಸೋತವಳ ದನಿಯಲ್ಲೇ ಕೇಳಿದಳು: "ಇಡೀತದೆ, ಒಪ್ದೆ. ನಮ್ಮೋನು ತುಕ್ಕು ಇಡ್ದು ನಿಂತ. ಆ ಒತ್ನಲ್ಲಿ ನಿಮ್ಮೋನು ಮ್ಯಾಲೆ ಏನ್ ಮಾಡ್ತಾ ಇರ್ತಾನೆ?"

ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಕೆಂಪಸಿದ್ದಯ್ಯನವರು ಎದ್ದು ನಿಂತು, ತೋಳು ಎರಡೂ ಕಡೆ ಚಾಚಿದರು. "ಏನ್ ಮಾಡಾನು? ನಮ್ಮ ಉರಿವೀರ ಆರ್ತಾನೆ."

"ಏನಂದ್ರಿ?"

"ಆರ್ತಾನೆ ಅಂದೆ."

"ಸರ್ಯಾಗ್ ಕೇಳ್ನಿಲ್ಲ. ಮೇಷ್ಟ್ರಿಗೂ ಕೇಳ್ಲಿ, ಇನ್ನೊಂದ್ ಕಿತ ಅನ್ನಿ."

"ಆರ್ತಾನೆ ಕಣಮ್ಮ, ಆರ್ತಾನೆ."

ಮಂಗಳಕ್ಕ ಮೇಷ್ಟ್ರ ಕಡೆ ತಿರುಗಿದಳು. "ಕೇಳುದ್ರಾ ಸ್ವಾಮಿ? ಮೈಯೆಲ್ಲ ಬೆಂಕಿ ಇರೋನು ಆರ್ತಾನಂತೆ. ಬೆಂಕಿ ಆರುದ್ರೆ ಉಳಿಯೋದು ಬೂದಿ. ನಮ್ಮೋನ ತುಕ್ಕ ಆ ಬೂದೀಲೇ ಉಜ್ಜಿ ತಗೀತೀವಿ."

ಮೊದಲು ನಕ್ಕವರು ಮೇಷ್ಟ್ರು, ಬಾಯಲ್ಲಿದ್ದ ಎಳನೀರು ಪಂಚೆಯ ಮೇಲೆ ಚೆಲ್ಲುವ ಹಾಗೆ. ಆಮೇಲೆ ನಗು ಪಂಕ್ತಿಯಿಂದ ಪಂಕ್ತಿಗೆ ದಾಟಿ ಅಡುಗೆಯವರನ್ನೂ ತಲುಪಿತು. ಮಳವಳ್ಳಿಯ ಹೆಂಗಸರೇ ಹೊಟ್ಟೆ ಹಿಡಿದುಕೊಂಡಿದ್ದರು.

"ಅದು ಆ ಆರೋದಲ್ಲ," ಎಂದು ಮುದುಕ ಕೂಗಿದ. "ರೆಕ್ಕೆ ಬಡ್ದು ಆರೋದು."

"ಹಾಗಾದರೆ ಅದನ್ನು ಸರಿಯಾಗಿ ಹೇಳಿಬಿಡಿ, ನಿಮ್ಮ ಕಡೆಗೇ ತೀರ್ಪು ಕೊಡುತ್ತೇನೆ," ಎಂದರು ಮೇಷ್ಟ್ರು. ಜೀವಮಾನವಿಡೀ ನಮ್ಮ ತಾಲ್ಲೂಕಿನ ಬಾಯಿಗಳಿಗೆ ಹಕಾರ ಹಚ್ಚಿ ಸುಸ್ತಾದವರು ಅವರು.

ಕೆಂಪಸಿದ್ದಯ್ಯನವರು ಎದೆ ತುಂಬ ಉಸಿರು ಎಳೆದುಕೊಂಡರು. ಎಲ್ಲರೂ ಅವರ ಬಾಯನ್ನೇ ನೋಡಿದೆವು. "ನಮ್ಮೋನು," ಎಂದರು, ತಡೆದರು, ಬಲ ಹಾಕಿ ನೂಕಿದರು. "ಹಾಕಾಸದಲ್ಲಿ ಆರ್ತಾನೆ."

ಹ ಬಂದಿತ್ತು, ತಪ್ಪು ಮನೆಗೆ.

ಆ ನಗುವನ್ನು ಬರೆಯಲು ನನಗೆ ಬಾರದು. ನಗು ತುಸು ಇಳಿದ ಮೇಲೆ ಮುದುಕ ಕೊನೆಯ ಬಾಣ ಬಿಟ್ಟ: "ನಿನ್ನ ಬಾಯಲ್ ಮಾತ್ರ ಬಂದಾತಾ? ನೀನೂ ಆರ್ತಾನೆ ಅಂತ್ಲೇ ಅನ್ನೋಳು."

"ಅಂತ್ಲೇ ಅನ್ನೋಳು ಬೀಗ್ರೇ. ಅದ್ಕೇಯ ನಡಿಯೋನ್ನ ತಗಂಡೆ."

ಡೈರಿಯ ಸಾಲಿನಲ್ಲಿ ಅವಳು ಆಡಿದ್ದ ಮಾತು ಆಗ ನನಗೆ ಅರ್ಥವಾಯಿತು. ತನ್ನ ನಾಲಿಗೆಗೆ ಏನು ಬರುವುದಿಲ್ಲ ಎಂದು ತಿಳಿದು, ಅದಕ್ಕೆ ತಕ್ಕ ವೀರನನ್ನು ಆರಿಸಿಕೊಂಡಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು. ನಗುವಿನದೇ ಎಂದು ಅಕ್ಕಪಕ್ಕದವರು ತಿಳಿದುಕೊಂಡರು, ನಾನೂ ತಿದ್ದಲಿಲ್ಲ.

ಮೇಷ್ಟ್ರು ಕೆಂಚನ ಗೆಲುವು ಸಾರಿದರು. ಕೆಂಪಸಿದ್ದಯ್ಯನವರು ಕೂತು, ಟವೆಲಿನಿಂದ ಮುಖ ಒರೆಸಿಕೊಂಡು, "ಕೇಳಮ್ಮ ತಾಯಿ. ಟಗರು ಬೇಕಾ?" ಎಂದರು.

"ಟಗರು ನಮ್ಮಟ್ಟೀಲೂ ಅದೆ. ಉಡುಗಿ ಓದ್ನ ಮುಗುಸ್ಲಿ."

ಮುದುಕ ಬಾಗಿಲ ಬಳಿಯ ದೀಪಿಕಳನ್ನು ನೋಡಿದ, ಮೊಮ್ಮಗನನ್ನು ನೋಡಿದ. ಯತೀಶ್ ಮೊದಲ ಬಾರಿ ಬಾಯಿಬಿಟ್ಟ: "ತಾತ, ತಿರುಗ್ಸಂಗಿಲ್ಲ ಅಂತ ನೀನೇ ಅಂದಿದ್ದೀಯ."

"ನಾನೆಲ್ಲಿ ತಿರುಗುಸ್ದೆಲಾ?" ಎಂದು ಕೆಂಪಸಿದ್ದಯ್ಯನವರು ಗದರಿದರು. "ಆಸ್ಟಲ್ಗೆ ನಾನೇ ಬುಟ್ಟು ಬತ್ತೀನಿ."

ಬಿಟ್ಟೂ ಬಂದರು. ಹೋಗುವಾಗ ಹುಡುಗಿಯ ಟ್ರಂಕನ್ನು ತಾವೇ ಹಿಡಿದಿದ್ದರಂತೆ. ಮಂಗಳಕ್ಕ ಅಂದು ಕಳೆದುಕೊಂಡದ್ದು ಒಂದೇ, ಊರಲ್ಲಿ ಅವಳಿಗಿದ್ದ ಬಿಡುವು. ಈಗ ಯಾವ ಬೀಗರ ಊಟವಾದರೂ ಡಿಜೆಯನ್ನು ಬಾಯಿ ಮುಚ್ಚಿಸಿ ಅವಳನ್ನು ಕರೆಯುತ್ತಾರೆ. ಟಿವಿ, ಪುಸ್ತಕ, ಮೊಬೈಲುಗಳ ವೀರರು ಚಪ್ಪರದಿಂದ ಚಪ್ಪರಕ್ಕೆ ಅಲೆಯುತ್ತಿದ್ದಾರೆ.

ಈ ವರ್ಷ ಫಲಿತಾಂಶ ಬಂದ ಸಂಜೆ ಡೈರಿಯ ಸಾಲಿನಲ್ಲೇ ಮಂಗಳಕ್ಕನ ಫೋನು ಬಡಿದುಕೊಂಡಿತು. ಕೈ ಹಾಲಾಗಿದ್ದರಿಂದ ಶೋಭಿತಾ ಸ್ಪೀಕರಿಗೆ ಹಾಕಿದಳು. ಕೆಂಪಸಿದ್ದಯ್ಯನವರ ದನಿ.

"ಓದೋಳು ಮನೆಗ್ ಬಂದ್ಲು ಕಣವ್ವ. ಪಾಸು. ಪಸ್ಟ್ ಕ್ಲಾಸು."

ಸವಾಲುಗಾತಿ ಸುಮ್ಮನಿರುತ್ತಾಳೆಯೇ? "ಯಾವ ಓದೋಳು ಬೀಗ್ರೇ?" ಎಂದಳು.

ಆ ಕಡೆ ಮುದುಕ ಉಸಿರು ಎಳೆದುಕೊಂಡದ್ದು ಸಾಲಿಗೆಲ್ಲ ಕೇಳಿಸಿತು.

"ಹೋದೋಳಲ್ಲ ಕಣವ್ವ," ಎಂದರು ಕೆಂಪಸಿದ್ದಯ್ಯನವರು, ಒಂದೊಂದೇ ಅಕ್ಷರ ಇಟ್ಟು. "ಓದೋಳು."

ಹ ಇರಬೇಕಾದ ಕಡೆ ಇತ್ತು, ಬೇಡವಾದ ಕಡೆ ಇರಲಿಲ್ಲ. ಹುಡುಗಿಯೇ ರಜೆಗೆ ಬಂದಾಗಲೆಲ್ಲ ಕೂರಿಸಿ ಕಲಿಸಿದ್ದಳಂತೆ.

"ಗೆದ್ರಿ ಬುಡಿ ಬೀಗ್ರೇ," ಎಂದಳು ಮಂಗಳಕ್ಕ, ಮೊದಲ ಸಲ ಸೋತು.